ಬಳೆಗಾರ್ತಿ ಜೈತುನಬಿ ಕಾರಿನ ಪಟ್ಟಿ ಕೂರಿಸಿದ್ದು

ಬಹಳ ಹಿಂದೆ, ನಮ್ಮ ಕಡೆಗೆ ಪೆಟ್ರೋಲು ಇನ್ನೂ ಡಬ್ಬಿಯಲ್ಲೇ ಬರುತ್ತಿದ್ದ ಕಾಲದಲ್ಲಿ, ಕರಿಗುಡ್ಡದ ಕೆಳಗೆ ಒಂದೂರಿತ್ತು. ಆ ಊರಿನಲ್ಲಿ ಜೈತುನಬಿ ಅಂತ ಅರಗಿನ ಬಳೆ ಮಾಡುವ ಹೆಂಗಸು ಇದ್ದಳು. ಅರಗು ಕಾಯಿಸಿ, ಬಳೆ ಬಾಗಿಸಿ, ಮೊದಲು ತನ್ನ ಮಣಿಕಟ್ಟಿಗೆ ತಾಗಿಸಿ ನೋಡಿ, ಆಮೇಲೇ ಬೇರೆಯವರ ಕೈಗೆ ತೊಡಿಸುತ್ತಿದ್ದಳು. ಕೆಂಡವನ್ನು ಬರಿಗೈಯಲ್ಲಿ ಎತ್ತುತ್ತಿದ್ದಳು ಅಂತಾರೆ. ಅದೆಲ್ಲ ಬುರುಡೆ, ನಮ್ಮಜ್ಜಿ ಕಣ್ಣಾರೆ ಕಂಡವಳು, ಇಕ್ಕಳದಲ್ಲೇ ಎತ್ತುತ್ತಿದ್ದಳಂತೆ. ಆದರೆ ಕಾರಿನ ಕತೆ ಮಾತ್ರ ಬುರುಡೆಯಲ್ಲ.

ಅದೇ ಊರಿನ ಮಹಾರುದ್ರಪ್ಪ ಮಾಸ್ತರರ ಹತ್ತಿರ ಒಂದು ಕಾರಿತ್ತು. ಆ ಕಾಲಕ್ಕೇ ಹಳೆಯದು, ಅಂಥದ್ದನ್ನು ಮಾಡುವುದು ನಿಂತೇ ಎಷ್ಟೋ ವರ್ಷವಾಗಿತ್ತು. ಮುಂದಿನ ಎಡಬಾಗಿಲಿಗೆ ಒಳಗಡೆ, ಕಿಟಕಿಯ ಕೆಳಗೆ, ಕೆನೆಬಣ್ಣದ ಪ್ಲಾಸ್ಟಿಕ್ ಪಟ್ಟಿ. ಮಾಸ್ತರರ ಹೆಂಡತಿ ಗುರುಸಿದ್ದವ್ವ ಮೂವತ್ತು ವರ್ಷ ಅದರ ಮೇಲೆ ಕೈಯಿಟ್ಟು ಕೂತು ಊರೂರು ತಿರುಗಿದ್ದಳು. ಅವಳ ಬಳೆಯ ಹರಳು ಉಜ್ಜಿ ಉಜ್ಜಿ ಪಟ್ಟಿಯ ಮೇಲೆ ಸಣ್ಣ ಸಣ್ಣ ಗೆರೆ ಬಿದ್ದಿದ್ದವು. ಅವಳು ತೀರಿಕೊಂಡ ಮೇಲೆ ಮಾಸ್ತರರು ದಿನಾ ಒಮ್ಮೆ ಆ ಗೆರೆ ಸವರಿಯೇ ಕಾರು ತೆಗೆಯುತ್ತಿದ್ದರಂತೆ.

ಒಂದು ಬೇಸಿಗೆ ಕಾರು ಬಿಸಿಲಲ್ಲೇ ನಿಂತು, ಪಟ್ಟಿ ಸುಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿತು. ಕಿತ್ತು ಬಿಸಾಡಿ ತಗಡು ಹೊಡೆಯೋಣ ಅಂದರು ಗ್ಯಾರೇಜಿನವರು. ಮಾಸ್ತರರು ಕೇಳಲಿಲ್ಲ. ತಾವೇ ಪಟ್ಟಿಯನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ರುಬ್ಬುಗುಂಡು ಹೇರಿದರು. ಓದಿದ ಮನುಷ್ಯ, ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಸಂಜೆ ನೋಡಿದರೆ ಪಟ್ಟಿ ಇನ್ನೊಂದು ಕಡೆಗೆ ಬಾಗಿತ್ತು, ತುದಿಯಲ್ಲೊಂದು ಬಿರುಕು ಬೇರೆ. ಅದನ್ನು ಪಂಚೆಯಲ್ಲಿ ಸುತ್ತಿಕೊಂಡು, ಅಳುತ್ತಾ ಜೈತುನಬಿಯ ಹತ್ತಿರ ಬಂದರಂತೆ.

ಜೈತುನಬಿಗೆ ಹೆದರಿಕೆಯಾಯಿತು. ಅರಗು ಕೆಟ್ಟರೆ ಮತ್ತೆ ಕರಗಿಸಬಹುದು, ಇದು ಕೆಟ್ಟರೆ ಕೆಟ್ಟಿತು. ಹೆಚ್ಚು ಕಾಯಿಸಿದರೆ ಗೆರೆಗಳು ಅಳಿಸಿಹೋಗುತ್ತವೆ, ಕಡಿಮೆಯಾದರೆ ಪಟ್ಟಿ ಮುರಿಯುತ್ತದೆ. ಗುರುಸಿದ್ದವ್ವನಿಗೆ ಆ ಬಳೆ ತೊಡಿಸಿದವಳೂ ಅವಳೇ. ಆ ಮೆತ್ತನೆ ಕೈ ನೆನಪಾಯಿತು. ಪಟ್ಟಿ ತಡವಿದಳು, ಕಾರಿನ ಬಾಗಿಲು ತಡವಿದಳು, ಕಡೆಗೆ ಮಾಸ್ತರರನ್ನೇ ಗದರಿದಳು.

“ನೆಟ್ಟಗ ಮಾಡು, ನೆಟ್ಟಗ ಮಾಡು ಅಂತೀರಲ್ರಿ, ಇದು ಯಾವತ್ತ ನೆಟ್ಟಗಿತ್ತು? ಬಾಗಿಲಕ್ಕ ಹೊಟ್ಟಿ ಐತಿ ನೋಡ್ರಿ. ಬಳಿಗೆ ಕೈ ಹೆಂಗೋ, ಇದಕ್ಕ ಬಾಗಿಲಾನ ಅಚ್ಚು.”

ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಪಟ್ಟಿಗೆ ಸುತ್ತಿದಳು. ಬಿಸಿ ತನ್ನ ಮಣಿಕಟ್ಟು ತಾಳುವಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಬಾಗಿಲಿಗೆ ಒತ್ತಿ ಹಿಡಿದು, ಪೂರ್ತಿ ಆರುವ ತನಕ ಕೈ ತೆಗೆಯಲಿಲ್ಲ. ಮೊದಲ ದಿನ ಎಳ್ಳಿನಷ್ಟು ಬಾಗಿತು. ಗ್ಯಾರೇಜಿನವರು ನಕ್ಕರು. ಮರುದಿನ ಮತ್ತೆ ಎಳ್ಳಿನಷ್ಟು. ಮತ್ತೆ ನಕ್ಕರು. ಹನ್ನೊಂದು ದಿನ ಅಂತಾರೆ ಕೆಲವರು, ನಲವತ್ತು ಅಂತಾರೆ ಕೆಲವರು. ನಕ್ಕವರೇ ನಕ್ಕು ಸಾಕಾಗಿ ನೀರು ಕಾಯಿಸಿಕೊಟ್ಟರು ಅಂತ ಮಾತ್ರ ಎಲ್ಲರೂ ಅಂತಾರೆ.

ಕಡೆಯ ದಿನ ಪಟ್ಟಿ ಬಾಗಿಲಿಗೆ ಅಂಟಿ ಕೂತಿತು. ಬಿರುಕಿಗೆ ಕೆಂಪು ಅರಗು ತುಂಬಿದಳು. ಮಾಸ್ತರರು ಹೆಂಡತಿಯ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ ಬೆರಳಾಡಿಸಿದರು. ಗೆರೆಗಳೆಲ್ಲ ಇದ್ದವು. ಬಹಳ ಹೊತ್ತಿನ ಮೇಲೆ ಎದ್ದು, ಜೈತುನಬಿಯನ್ನು ಅದೇ ಸೀಟಿನಲ್ಲಿ ಕೂರಿಸಿ ಊರು ಸುತ್ತಿಸಿದರಂತೆ. ಅವಳು ಸಂಕೋಚದಿಂದ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಅಲ್ಲಿ ಇಡು ತಾಯಿ, ಇನ್ನೂ ನಾಕು ಗೆರೆ ಬೀಳಲಿ ಅಂದರಂತೆ ಮಾಸ್ತರರು.

ಜೈತುನಬಿ ಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಆ ಊರಿನ ಗ್ಯಾರೇಜಿಗೆ ಸೊಟ್ಟಗಾದ ಪಟ್ಟಿ ತಂದರೆ, ಯಾವ ಕಾರು, ಯಾವ ವರ್ಷದ್ದು ಅಂತ ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, ಇದರ ಮೇಲೆ ಯಾರು ಕೈಯಿಡುತ್ತಿದ್ದರು ಅಂತ. ಆ ಹೆಸರು ಹೇಳಿದ ಮೇಲೇ ನೀರು ಕಾಯಿಸಲು ಇಡುತ್ತಾರೆ.