ಎಂಜಿನ್ನಿನ ಅಭ್ಯಂಜನ

ಆಯುಧಪೂಜೆಯ ಮರುದಿನ ಎಕ್ಸಲರೇಟರ್ ಒತ್ತಿದರೆ ಸಾಕು, ಸಾಹೇಬರ ಕಾರು ಗಡಗಡ ನಡುಗುತ್ತಿತ್ತು.

"ಕೆಡಿಸಿದವನು ಇನ್ನು ಈ ಕಾರು ಮುಟ್ಟಕೂಡದು!" ಎಂದು ಅವರು ಗುಡುಗಿದರು. ಡ್ರೈವರನ ಕೆಲಸ ಹೋಯಿತೆಂದೇ ಅರ್ಥ.

ಅವನು ಹೆದರಲಿಲ್ಲ. "ಆಗಲಿ ಸಾರ್. ನಿನ್ನೆ ನನಗೆ ರಜೆ. ಕಾರು ತೊಳೆದವರು ಯಾರು?"

"ನಾನೇ! ಬಾನೆಟ್ ಎತ್ತಿ, ಪೈಪು ಹಿಡಿದು ಎಂಜಿನ್ನಿಗೂ ಅಭ್ಯಂಜನ ಮಾಡಿಸಿದೆ. ನಿನ್ನಂಥ ಸೋಮಾರಿಗೆ ಆದೀತೇ?"

ಡ್ರೈವರ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿನ ವೈರು ಕಿತ್ತು ತೋರಿಸಿದ. ಪ್ಲಗ್ಗು ಕೂರುವ ಗುಳಿಯ ತುಂಬ ನೀರು.

"ಸ್ನಾನವೇನೋ ಭರ್ಜರಿ ಸಾರ್. ತಲೆ ಒರೆಸೋದು ಮರೆತಿದ್ದೀರಿ. ನಡುಗದೇ ಇರುತ್ತಾ?"

ಬಟ್ಟೆಯಿಂದ ನೀರು ಹೀರಿ, ಗಾಳಿ ಹೊಡೆದು ಒಣಗಿಸಿದ. ಸ್ಟಾರ್ಟ್ ಮಾಡಿದಾಗ ಎಂಜಿನ್ ಸದ್ದಿಲ್ಲದೆ ಸಲೀಸಾಗಿ ಓಡಿತು. ಸಾಹೇಬರು ಹತ್ತಲೆಂದು ಕಾರಿನ ಬಾಗಿಲಿಗೆ ಕೈ ಚಾಚಿದರು.

"ಮುಟ್ಟಬೇಡಿ ಸಾರ್, ನಿಮ್ಮದೇ ಅಪ್ಪಣೆ," ಎಂದ ಡ್ರೈವರ್ ವಿನಯದಿಂದ. "ಬಾಗಿಲು ನಾನೇ ತೆಗೀತೀನಿ."