ಹಗ್ಗಕ್ಕೆ ಬೆಲೆ ಕಟ್ಟಿದ ಹೂದೋಟ

ಎಲ್ಲ ಊರಿನ ಹಾಗೆ ಒಂದೂರು. ಎಲ್ಲ ದೊರೆಗಳ ಹಾಗೆ ಅಲ್ಲೊಬ್ಬ ಜಿಪುಣ ದೊರೆ ಇದ್ದನಂತೆ.

ಆ ಊರಲ್ಲಿ ಹೂದೋಟ ಅಂದರೆ ಮನೆ ಮುಂದೆ ಒಂದು ಮಾರು ಅಗಲದ ಪಟ್ಟಿ, ಅಷ್ಟೇ. ಮಾರು ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ. ತೋಟ ಹಾಕಿಕೊಡುತ್ತಿದ್ದವಳು ದ್ಯಾವಕ್ಕ. ಸುತ್ತಲೂ ಹಗ್ಗ ಹಿಡಿದು ಅಳೆಯೋಳು, ಮಾರಿಗೊಂದು ಹಣ ಅನ್ನೋಳು. ಮಣ್ಣು, ಗೊಬ್ಬರ, ಸಸಿ, ಬೇಲಿ, ಕೂಲಿ ಎಲ್ಲ ಅದರಲ್ಲೇ. ಅವಳ ಅವ್ವನದೂ ಅದೇ ಲೆಕ್ಕ, ಅವ್ವನ ಅವ್ವನದೂ ಅದೇ ಲೆಕ್ಕ. ಯಾವತ್ತೂ ಕೈ ಕಚ್ಚಿರಲಿಲ್ಲವಂತೆ.

ಒಂದು ದಿನ ರಾಣಿ, "ನನ್ನ ತವರಲ್ಲಿ ಹೂದೋಟ ಇದೆ, ನಿಮ್ಮಲ್ಲಿ ಬದನೆಗಿಡ ಇದೆ" ಅಂದಳಂತೆ. ದೊರೆಗೆ ಚುರುಕ್ಕೆಂದಿತು. ದ್ಯಾವಕ್ಕನನ್ನು ಕರೆಸಿದ.

"ನೂರು ಮಾರು ಹಗ್ಗ ಹಿಡಿಯುವಷ್ಟು ತೋಟ ಬೇಕು. ಎಷ್ಟಾಗುತ್ತೆ?"

"ನೂರು ಹಣ, ಬುದ್ಧೀ" ಅಂದಳು ದ್ಯಾವಕ್ಕ, ಜಾಗ ಕೂಡ ನೋಡದೆ.

"ನೂರು ಮಾರು ಹಗ್ಗ, ನೂರು ಹಣ. ಮಾತು ಇಷ್ಟೇ. ತಪ್ಪಿದರೆ ನಿನ್ನ ಮನೆ ನನ್ನದು" ಅಂತ ದೊರೆ ವೀಳ್ಯ ಕೊಟ್ಟ, ಇವಳು ತಗೊಂಡಳು. ವೀಳ್ಯ ತಗೊಂಡ ಮೇಲೆ ಮಾತು ಮುಗಿದ ಹಾಗೆ.

ದೊರೆ ಹಗ್ಗವನ್ನು ಚೌಕಕ್ಕೆ ಹಿಡಿಸಿದ. ಒಂದೊಂದು ಬದಿಗೆ ಇಪ್ಪತ್ತೈದು ಮಾರು. ದ್ಯಾವಕ್ಕ ಒಂದು ಸಾಲು ನೆಟ್ಟಳು, ಎರಡನೇ ಸಾಲು ನೆಟ್ಟಳು. ಆ ಸಾಲು ಮುಗಿಯುವಷ್ಟರಲ್ಲಿ ನೂರು ಹಣವೂ ಮುಗಿಯಿತಂತೆ! ಇನ್ನೂ ಇಪ್ಪತ್ಮೂರು ಸಾಲು ಬಾಯಿ ಬಿಟ್ಟುಕೊಂಡು ಮಲಗಿದ್ದವು.

ಮನೆಗೆ ಬಂದು ತಲೆಗೆ ಕೈ ಹೊತ್ತು ಕೂತಳು. ಗಂಡ ಮಾಚಯ್ಯ, "ದೊರೆಗೆ ಕೊಡೋ ಮೊದಲು ಮನೆ ಸಾರಿಸ್ತೀಯೇನಮ್ಮಿ?" ಅಂದ.

"ನಿನ್ನನ್ನೂ ಸೇರಿಸೇ ಕೊಡ್ತೀನಿ, ಬಾಯ್ಮುಚ್ಚು" ಅಂದಳಂತೆ.

ಅವಳ ಮುಂದೆ ಗಂಟು ಹಾಕಿದ ದಾರವೊಂದು ದುಂಡಗೆ ಬಿದ್ದಿತ್ತು. ಅದರೊಳಗೆ ಕೋಳಿಯೊಂದು ಮರಿಗಳ ಸಮೇತ ಕೆದಕುತ್ತಿತ್ತು. ಸಿಟ್ಟಿಗೆ ದ್ಯಾವಕ್ಕ ದಾರವನ್ನು ಎರಡೂ ಬದಿ ಹಿಡಿದು ಎಳೆದಳು. ಕೋಳಿ ಹಾರಿತು, ಮರಿಗಳು ಓಡಿದವು. ದಾರ ಮಾತ್ರ ಅಷ್ಟೇ ಉದ್ದ ಇತ್ತು. ಒಳಗೆ ಒಂದು ಇರುವೆ ನಿಲ್ಲಲೂ ಜಾಗವಿಲ್ಲ!

"ಅಯ್ಯೋ ನನ್ನ ಬುದ್ಧಿಗಿಷ್ಟು!" ಅಂತ ಎದ್ದವಳೇ ನಕ್ಕಳಂತೆ.

ಮಾರನೇ ದಿನ ನೆಟ್ಟದ್ದನ್ನೆಲ್ಲ ಕಿತ್ತು, ಅರಮನೆ ಗೋಡೆಯುದ್ದಕ್ಕೂ ನಲವತ್ತೊಂಬತ್ತು ಮಾರು ಉದ್ದ, ಒಂದೇ ಮಾರು ಅಗಲದ ತೋಟ ಹಾಕಿದಳು. ಎರಡೂ ಬದಿಗೆ ಗುಲಾಬಿ ಪೊದೆ, ನಡುವೆ ಸಂದಿಯಂಥ ದಾರಿ. ಸುತ್ತ ಅಳೆದರೆ ನೂರು ಮಾರು, ಸರಿಯಾಗಿ.

ತೋಟ ನೋಡಲು ದೊರೆ ಈ ತುದಿಯಿಂದ ಹೊಕ್ಕ, ರಾಣಿ ಆ ತುದಿಯಿಂದ ಹೊಕ್ಕಳು. ನಟ್ಟನಡುವೆ ಎದುರುಬದುರಾದರು. ದೊರೆ ತಿರುಗಲು ಹೋದರೆ ಹೊಟ್ಟೆಗೆ ಮುಳ್ಳು.

"ನೀನು ಹಿಂದೆ ಸರಿ. ನಾನು ಯುದ್ಧದಲ್ಲೂ ಹಿಂದಕ್ಕೆ ಹೆಜ್ಜೆ ಇಟ್ಟವನಲ್ಲ!"

"ನೀವು ಯುದ್ಧಕ್ಕೆ ಹೋದದ್ದು ಯಾವಾಗ?" ಅಂದಳಂತೆ ರಾಣಿ. ಅವಳೂ ಕದಲಲಿಲ್ಲ.

ಬಿಸಿಲೇರಿತು. ದೊರೆ ಕೂಗಿಕೊಂಡ: "ಏ ದ್ಯಾವೀ, ಇದೇನು ತೋಟವೋ, ಇಲಿ ಬಿಲವೋ?"

"ನೂರು ಮಾರು ಹಗ್ಗ, ನೂರು ಹಣ, ಬುದ್ಧೀ. ಮಾತು ಇಷ್ಟೇ ಅಂದಿರಲ್ಲ? ಬೇಕಾದರೆ ಪೊದೆ ಕಡಿದು ಬಿಡಿಸ್ತೀನಿ. ಆಮೇಲೆ ತೋಟ ಕೆಡಿಸಿದೆ ಅಂತ ನನ್ನ ಮನೆಗೆ ಬರಬೇಡಿ."

ರಾಣಿ ದೊರೆಯನ್ನು ಬಿಟ್ಟು ದ್ಯಾವಕ್ಕನನ್ನೇ ಕೇಳಿದಳಂತೆ: "ಚೌಕದ ತೋಟಕ್ಕೆ ನಿಜವಾಗಿ ಎಷ್ಟಾಗುತ್ತೆ, ತಾಯಿ?"

"ಹಗ್ಗ ಬಿಟ್ಟು ಒಳಗಿನ ನೆಲ ಎಣಿಸಿದೆ ಕಣವ್ವಾ. ಮಾರುದ್ದ ಮಾರಗಲದ ಒಂದು ಮಡಿಗೆ ಎರಡು ಹಣ. ಸಾಲಿಗೆ ಇಪ್ಪತ್ತೈದು ಮಡಿ, ಅಂಥ ಇಪ್ಪತ್ತೈದು ಸಾಲು. ಸಾವಿರದ ಇನ್ನೂರೈವತ್ತು ಹಣ. ಕೊಟ್ಟಿರೋ ನೂರು ಕಳೀರಿ."

ದೊರೆ ಕಣ್ಣು ಕಣ್ಣು ಬಿಟ್ಟ. "ಮುಳ್ಳಲ್ಲೇ ನಿಂತಿರ್ತೀರಾ?" ಅಂದಳು ರಾಣಿ. ಪೊದೆಯ ಮೇಲಿಂದ ಕೈ ಚಾಚಿ ದೊರೆ ಮತ್ತೆ ವೀಳ್ಯ ಕೊಟ್ಟನಂತೆ. ದ್ಯಾವಕ್ಕ ಈ ಸಲ ನೆಲ ನೋಡಿ, ಅಳೆದು, ಆಮೇಲೆ ತಗೊಂಡಳಂತೆ.

ಅವರು ಅಲ್ಲಿ ಚೌಕದ ತೋಟದಲ್ಲಿ ಅಕ್ಕಪಕ್ಕ ಕೈಬೀಸಿಕೊಂಡು ಓಡಾಡುತ್ತಿದ್ದಾರೆ. ನಾವು ಇಲ್ಲಿ ಹೂವೂ ಇಲ್ಲ, ವೀಳ್ಯವೂ ಇಲ್ಲ, ಬರೀ ಕಥೆ ಮೆಲ್ಲುತ್ತ ಕೂತಿದ್ದೇವೆ.