ಕೇಳಿಲ್ಲ ಎಂಬ ಟಿಪ್ಪಣಿ

“ಗುರುಗಳೇ, ಕೋಡಿನ ನಡುವೆ ಬರೆದಿಟ್ಟ ಟಿಪ್ಪಣಿಗಳನ್ನು ಕಂಪ್ಯೂಟರ್ ಓದುವುದೇ ಇಲ್ಲ. ಹಾಗಿದ್ದ ಮೇಲೆ ಅವನ್ನು ತಿದ್ದಿ ಒಪ್ಪ ಮಾಡಿದರೆ ಕೆಡುವುದೇನು?” ಎಂದು ಶಿಷ್ಯ ಕೇಳಿದ.

ಅವನು ಆ ದಿನ ಬೆಳಗಿನಿಂದ ಮುನ್ನೂರು ಟಿಪ್ಪಣಿಗಳನ್ನು ತಿದ್ದಿದ್ದ. ಕೆಲವನ್ನು ಮೊಟಕು ಮಾಡಿದ್ದ, ಕೆಲವನ್ನು ಅಳಿಸಿದ್ದ. ಗುರುಗಳು ಒಮ್ಮೆ ಹೂಂ ಎಂದರೆ ಸಾಕು, ಅವೆಲ್ಲ ಕೋಡಿಗೆ ಸೇರಿಬಿಡುತ್ತಿದ್ದವು. ಗುರುಗಳು ಹೂಂ ಎನ್ನಲಿಲ್ಲ. ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಆಸ್ಪತ್ರೆ ಇತ್ತು. ರೋಗಿಗಳ ವಿವರವನ್ನೆಲ್ಲ ಅಲ್ಲಿ ಡೇಟಾಬೇಸಿನಲ್ಲಿ ಇಟ್ಟಿದ್ದರು. ಡೇಟಾಬೇಸ್ ತಾನಾಗಿ ಏನನ್ನೂ ಹೇಳುವುದಿಲ್ಲ. ಅದರ ಭಾಷೆಯಲ್ಲಿ ಪ್ರಶ್ನೆ ಹಾಕಬೇಕು. ನರ್ಸುಗಳಿಗೆ ಆ ಭಾಷೆ ಬಾರದು. ಆದ್ದರಿಂದ ಅವರ ಪರವಾಗಿ ಪ್ರಶ್ನೆ ಕಟ್ಟಿಕೊಡುವ ಕೋಡನ್ನು ಒಬ್ಬ ಹೆಂಗಸು ಬರೆದಿದ್ದಳು. ನರ್ಸು ವಾರ್ಡನ್ನೂ ಔಷಧವನ್ನೂ ಆರಿಸಿದರೆ ಮುಗಿಯಿತು. ಕೋಡು ಪ್ರಶ್ನೆ ಕಟ್ಟುತ್ತಿತ್ತು, ಡೇಟಾಬೇಸ್ ಪಟ್ಟಿ ಕೊಡುತ್ತಿತ್ತು.

ಅಲ್ಲಿ ಒಂದು ಇಂಜೆಕ್ಷನ್ ಬಳಕೆಯಲ್ಲಿತ್ತು. ನೂರು ಜನರನ್ನು ಅದು ಉಳಿಸುತ್ತಿತ್ತು. ಮೈಗೆ ಒಗ್ಗದ ಒಬ್ಬನನ್ನು ಕೊಲ್ಲುತ್ತಿತ್ತು. ಅದಕ್ಕಾಗಿ ಪ್ರತಿ ರೋಗಿಯ ವಿವರದಲ್ಲಿ ಅಲರ್ಜಿ ಎಂಬ ಅಂಕಣ ಇತ್ತು. ಅದರಲ್ಲಿ ‘ಇದೆ’ ಎಂದಿದ್ದರೆ ಆ ಹೆಸರು ‘ಕೊಡಬೇಡಿ’ ಎಂಬ ಪಟ್ಟಿಗೆ ಹೋಗುತ್ತಿತ್ತು. ‘ಇಲ್ಲ’ ಎಂದಿದ್ದರೆ ಯಾವ ಪಟ್ಟಿಯಲ್ಲೂ ಬರುತ್ತಿರಲಿಲ್ಲ, ಇಂಜೆಕ್ಷನ್ ಕೊಡಬಹುದಿತ್ತು. ಅಂಕಣ ಖಾಲಿ ಇದ್ದರೆ ಹೆಸರು ‘ಕೇಳಿ ಬನ್ನಿ’ ಎಂಬ ಇನ್ನೊಂದು ಪಟ್ಟಿಗೆ ಹೋಗುತ್ತಿತ್ತು. ನರ್ಸು ಎದ್ದು ಹೋಗಿ ರೋಗಿಯನ್ನೋ ಅವನ ಮನೆಯವರನ್ನೋ ಕೇಳಿ ಬರಬೇಕಿತ್ತು. ಖಾಲಿ ಅಂಕಣವನ್ನು ನೋಡಿಕೊಳ್ಳುವ ಕೋಡಿನ ಸಾಲಿನ ಮೇಲೆ ಆ ಹೆಂಗಸು ಒಂದು ಟಿಪ್ಪಣಿ ಬರೆದಿದ್ದಳು.

“ಖಾಲಿ ಇದೆ ಅಂತ ‘ಇಲ್ಲ’ ಅಂದುಕೊಳ್ಳಬೇಡ ಮಾರಾಯ. ಯಾರೂ ಕೇಳಿಲ್ಲ, ಅಷ್ಟೆ. ಮೊದಲು ಹೋಗಿ ಕೇಳಿಸು.”

ಅವಳಿಗೆ ವಯಸ್ಸಾಯಿತು, ಕೆಲಸ ಬಿಟ್ಟು ಹೋದಳು. ಕೋಡು ಒಬ್ಬ ಶಿಸ್ತಿನ ಮನುಷ್ಯನ ಕೈಗೆ ಬಂತು. ಅವನು ಕೆಟ್ಟವನಲ್ಲ. ಮೈಗಳ್ಳನೂ ಅಲ್ಲ. ಮೈಗಳ್ಳನಾಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ಟಿಪ್ಪಣಿಗಳನ್ನು ಕಂಡು ಅವನಿಗೆ ಮೈಯೆಲ್ಲ ಉರಿಯಿತು. ಕೋಡಿನಲ್ಲಿ ಮಾರಾಯ ಎಂದು ಬರೆಯುವುದುಂಟೇ? ಜಗಲಿಯ ಮೇಲೆ ಕೂತು ಮಾತಾಡಿದ ಹಾಗೆ ಬರೆದಿದ್ದಾಳೆ ಎಂದು ಮೂಗು ಮುರಿದ. ಒಂದು ಟಿಪ್ಪಣಿಗೆ ಎರಡೇ ಪದ ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡ. ಉಳಿದದ್ದನ್ನೆಲ್ಲ ಕತ್ತರಿಸಿದ. ಕೊನೆಗೆ ಉಳಿದದ್ದು ಇಷ್ಟು: “ಖಾಲಿ: ಕೇಳಿಲ್ಲ.”

ಅಲ್ಲಿಯವರೆಗೆ ಮಾತು ಬಡಕಲಾಗಿತ್ತು. ಇನ್ನೂ ಸತ್ತಿರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಅವನು ಅದೇ ಕೋಡನ್ನು ಮತ್ತೆ ತೆರೆದ. ತಾನು ಕತ್ತರಿಸಿ ಎಸೆದ ಮಾತು ಆಗ ಅವನಿಗೇ ಮರೆತಿತ್ತು. ಖಾಲಿ ಅಂಕಣಗಳ ಬಗ್ಗೆ ಒಟ್ಟು ನಲವತ್ತೊಂದು ಟಿಪ್ಪಣಿಗಳಿದ್ದವು. ನಲವತ್ತರಲ್ಲಿ “ಖಾಲಿ: ಇಲ್ಲ” ಎಂದಿತ್ತು. ಅವು ಸರಿಯಾಗಿಯೇ ಇದ್ದವು. ಎರಡನೆಯ ಫೋನ್ ನಂಬರಿನ ಅಂಕಣ ಖಾಲಿ ಇದ್ದರೆ ಎರಡನೆಯ ಫೋನ್ ಇಲ್ಲ ಎಂದೇ ಅರ್ಥ. ಒಂದರಲ್ಲಿ ಮಾತ್ರ “ಖಾಲಿ: ಕೇಳಿಲ್ಲ” ಎಂದಿತ್ತು. ಸಾಲಿನಲ್ಲಿ ನಿಂತವರಲ್ಲಿ ಒಬ್ಬನೇ ಹೊರಗೆ ಕಾಲಿಟ್ಟ ಹಾಗೆ ಅದು ಅವನ ಕಣ್ಣು ಚುಚ್ಚಿತು.

ಅವನು ಆ ಪದವನ್ನು ಬಿಡಿಸಿ ನೋಡಿದ. ಕೇಳಿ, ಇಲ್ಲ. ಕೇಳಿ ನೋಡಿದ್ದಾರೆ, ಇಲ್ಲ ಎಂಬ ಉತ್ತರ ಬಂದಿದೆ ಎಂದು ಅರ್ಥ ಮಾಡಿಕೊಂಡ. ಉತ್ತರ ಸಿಕ್ಕ ಮೇಲೆ ಕೇಳಿದ ಸಂಗತಿ ಯಾಕೆ ಎಂದು ‘ಕೇಳಿ’ಯನ್ನು ತೆಗೆದುಹಾಕಿದ. ನಲವತ್ತೊಂದೂ ಒಂದೇ ಸಮ ಆದವು. ಆ ದಿನದ ಕೆಲಸದ ದಾಖಲೆಯಲ್ಲಿ ಅವನು ಹೀಗೆ ಬರೆದ: “ಟಿಪ್ಪಣಿಗಳನ್ನು ಒಪ್ಪ ಮಾಡಲಾಗಿದೆ. ಕೋಡಿನಲ್ಲಿ ಬದಲಾವಣೆ ಇಲ್ಲ.”

ಅದು ಸುಳ್ಳಲ್ಲ. ನೀನು ಹೇಳಿದ ಹಾಗೆ ಕಂಪ್ಯೂಟರ್ ಟಿಪ್ಪಣಿ ಓದುವುದಿಲ್ಲ. ‘ಕೇಳಿ ಬನ್ನಿ’ ಪಟ್ಟಿ ಮುಂಚಿನಂತೆಯೇ ಬರುತ್ತಿತ್ತು. ನರ್ಸುಗಳು ಗೊಣಗುತ್ತ ಎದ್ದು ಹೋಗಿ ಕೇಳಿ ಬರುತ್ತಿದ್ದರು. ಹೀಗೇ ಒಂದು ವರ್ಷ ನಡೆಯಿತು.

ಆಮೇಲೆ ಹೊಸದಾಗಿ ಸೇರಿದ ಒಬ್ಬ ಹೆಂಗಸು ಆ ಕೋಡನ್ನು ಓದಿದಳು. ಖಾಲಿ ಎಂದರೆ ಇಲ್ಲ ಎಂದು ಟಿಪ್ಪಣಿ ಹೇಳುತ್ತಿದೆ. ಕೆಳಗಿನ ಸಾಲು ಖಾಲಿಯನ್ನೂ ಇಲ್ಲವನ್ನೂ ಬೇರೆ ಬೇರೆ ಇಟ್ಟಿದೆ. ಅವಳು ಎಚ್ಚರದವಳು. ತಾನೇ ಕೈ ಹಾಕಲಿಲ್ಲ. ಶಿಸ್ತಿನ ಮನುಷ್ಯನ ಮೇಜಿಗೆ ಹೋದಳು.

“ಸಾರ್, ಟಿಪ್ಪಣಿ ಒಂದು ಹೇಳುತ್ತೆ, ಕೋಡು ಇನ್ನೊಂದು ಮಾಡುತ್ತೆ. ಯಾವುದನ್ನ ನಂಬಲಿ?”

“ಟಿಪ್ಪಣಿಗಳನ್ನ ಒಂದೊಂದಾಗಿ ಕೂತು ನೋಡಿದವನು ನಾನು. ಅದು ಸರಿಯಾಗೇ ಇದೆ ಕಣಮ್ಮ. ಕೋಡು ಸರಿ ಮಾಡಿ.”

ಅವಳು ಸರಿ ಮಾಡಿದಳು. ಮರುದಿನದಿಂದ ‘ಕೇಳಿ ಬನ್ನಿ’ ಪಟ್ಟಿ ಬರಲಿಲ್ಲ. ನರ್ಸುಗಳಿಗೆ ಖುಷಿಯಾಯಿತು. ಒಬ್ಬೊಬ್ಬರಿಗೆ ಮೂವತ್ತು ಹಾಸಿಗೆ. ಓಡಾಟ ಕಡಿಮೆಯಾದದ್ದಕ್ಕೆ ಖುಷಿಪಟ್ಟರೆ ಅವರನ್ನು ದೂರುವುದು ಹೇಗೆ? ಇನ್ನು ಕೇಳಬೇಕಾದವರು ಯಾರೂ ಉಳಿದಿಲ್ಲ ಎಂದುಕೊಂಡರು.

ಒಂದು ಮಧ್ಯಾಹ್ನ ಒಬ್ಬ ಗಾರೆ ಕೆಲಸದವನನ್ನು ಆ ಆಸ್ಪತ್ರೆಗೆ ತಂದರು. ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಕಾಲು ಮುರಿದಿತ್ತು, ಮೈಮೇಲೆ ಎಚ್ಚರವಿರಲಿಲ್ಲ. ಜೊತೆಗೆ ಅವನ ಹೆಂಡತಿ ಬಂದಿದ್ದಳು. ಅವಳೂ ಅದೇ ಕೆಲಸದವಳು, ಕೈಯಲ್ಲಿ ಸಿಮೆಂಟು ಇನ್ನೂ ಒಣಗಿರಲಿಲ್ಲ. ಹೊರಗಿನ ಬೆಂಚು ತೋರಿಸಿ ಕೂತಿರು ಎಂದರು. ಅವಳು ಕೂತಳು.

ಹಿಂದೊಮ್ಮೆ ಬೇರೆ ಊರಿನಲ್ಲಿ ಅದೇ ಇಂಜೆಕ್ಷನ್ ಒಗ್ಗದೆ ಅವಳ ಗಂಡ ಸಾಯುವಂತಾಗಿ ಬದುಕಿದ್ದ. ಅಲ್ಲಿನ ವೈದ್ಯರು ಆ ಔಷಧದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಟ್ಟಿದ್ದರು. ಆಸ್ಪತ್ರೆಯಲ್ಲಿ ಕೇಳೇ ಕೇಳುತ್ತಾರೆ, ಕೇಳಿದಾಗ ಇದನ್ನು ತೋರಿಸು ಎಂದಿದ್ದರು. ಅವಳಿಗೆ ಓದು ಬಾರದು. ಚೀಟಿಯನ್ನು ಎಲೆಯಡಿಕೆ ಚೀಲದೊಳಗೆ ಜೋಪಾನವಾಗಿ ಇಟ್ಟಿದ್ದಳು. ಆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಯಾರಾದರೂ ಬಂದು ಕೇಳುತ್ತಾರೆ ಎಂದು ಬಾಗಿಲನ್ನೇ ನೋಡುತ್ತಿದ್ದಳು.

ಒಳಗೆ ಅವನ ಅಲರ್ಜಿಯ ಅಂಕಣ ಖಾಲಿಯೇ ಇತ್ತು. ನರ್ಸು ‘ಕೊಡಬೇಡಿ’ ಪಟ್ಟಿ ನೋಡಿದಳು. ಅವನ ಹೆಸರು ಅದರಲ್ಲಿ ಇರಲಿಲ್ಲ. ಇಂಜೆಕ್ಷನ್ ಕೊಟ್ಟಳು. ಅರ್ಧ ಗಂಟೆಯೊಳಗೆ ಅವನು ಸತ್ತುಹೋದ. ಕಾಲು ಮುರಿದವನು ಸಾಯಬಾರದಿತ್ತು.

ಹೇಳಲು ಹೊರಗೆ ಬಂದ ನರ್ಸಿನ ಮುಂದೆ ಆ ಹೆಂಗಸು ಚೀಟಿ ಹಿಡಿದಳು. ಅವಳು ಮೊದಲು ಅಳಲೇ ಇಲ್ಲ.

“ಕೇಳಿದ್ರೆ ಕೊಡ್ತಿದ್ದೆನಲ್ಲವ್ವಾ. ಬಾಗ್ಲ ಹೊರಗೇ ಕುಂತಿದ್ದೆ” ಎಂದಳು.

ವಿಚಾರಣೆ ನಡೆಯಿತು. ನರ್ಸು ಪಟ್ಟಿ ತೋರಿಸಿದಳು. ಕೋಡು ಬದಲಿಸಿದವಳು ಟಿಪ್ಪಣಿ ತೋರಿಸಿದಳು. ಶಿಸ್ತಿನ ಮನುಷ್ಯ ತನ್ನ ಕೆಲಸದ ದಾಖಲೆ ತೋರಿಸಿದ. ಕೋಡಿನಲ್ಲಿ ಬದಲಾವಣೆ ಇಲ್ಲ ಎಂದು ಅದರಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. ಮೂವರ ಮಾತೂ ನಿಜವೇ. ವಿಚಾರಣೆ ಮಾಡಿದವರು ವರದಿ ಬರೆದರು. ವರದಿಯ ಕೊನೆಯಲ್ಲಿ ‘ತಪ್ಪು ಯಾರದು’ ಎಂಬ ಅಂಕಣ ಇರುತ್ತದೆ. ಅದನ್ನು ಖಾಲಿ ಬಿಟ್ಟು ಸಹಿ ಹಾಕಿದರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ತಾನು ತಿದ್ದಿದ ಮುನ್ನೂರು ಟಿಪ್ಪಣಿಗಳು ಶಿಷ್ಯನಿಗೆ ನೆನಪಾಗುತ್ತಿದ್ದವು. ಅವುಗಳಲ್ಲಿ ಮೊದಲು ಏನೇನಿತ್ತು ಎಂಬುದು ನೆನಪಾಗುತ್ತಿರಲಿಲ್ಲ. ಭಯವಾಯಿತು. ಏನಾದರೂ ಒಂದು ಸಮಾಧಾನ ಬೇಕಿತ್ತು ಅವನಿಗೆ.

“ಅಂದರೆ ಗುರುಗಳೇ, ಕೊನೆಗೆ ಯಾರ ತಪ್ಪೂ ಇಲ್ಲ ಎಂದಾಯಿತು” ಎಂದ.

“ಖಾಲಿ ಎಂದೆ. ಇಲ್ಲ ಎನ್ನಲಿಲ್ಲ” ಎಂದರು ಗುರುಗಳು.